ಹೆಪ್ಪಿನ ಜಾಡು

ರಾತ್ರಿ ಅಡುಗೆಮನೆಯ ದೀಪ ಆರಿಸುವ ಮುನ್ನ ಉಗುರುಬೆಚ್ಚಗಿನ ಹಾಲಿಗೆ ಬೀಳುವ ಅರ್ಧ ಚಮಚ ಮೊಸರಿಗೆ ನಾವು ಹೆಪ್ಪು ಎನ್ನುತ್ತೇವೆ. ಬೆಳಗಾಗುವಷ್ಟರಲ್ಲಿ ಆ ಹಾಲು ಅಲುಗದಂತೆ ನಿಂತ ಸ್ಥಿತಿಯನ್ನೂ ಹೆಪ್ಪು ಎಂದೇ ಕರೆಯುತ್ತೇವೆ. ಕಾರಣಕ್ಕೂ ಕಾರ್ಯಕ್ಕೂ ಒಂದೇ ಹೆಸರು. ಹೆಪ್ಪು ಹಾಕು, ಹೆಪ್ಪು ಕೊಡು, ಹೆಪ್ಪು ಕೇಳಿ ತಾ ಎನ್ನುವಾಗ ಮಾತು ಜೀವವಿರುವ ಬೀಜದ ಕಡೆಗೆ ವಾಲುತ್ತದೆ. ಹೆಪ್ಪಾಗು, ಹೆಪ್ಪುಗಟ್ಟು ಎನ್ನುವಾಗ ಗಟ್ಟಿಯಾಗುವ ಕ್ರಿಯೆಯ ಕಡೆಗೆ. ಮನುಷ್ಯರ ಕರುಳಿನ ಬ್ಯಾಕ್ಟೀರಿಯಾಗಳನ್ನು ಪ್ರಯೋಗಾಲಯದಲ್ಲಿ ಬೆಳೆಸುವ ವಿದ್ಯೆಯ ಬಗ್ಗೆ ಓದುತ್ತ ಹೋದಂತೆ ಈ ಎರಡು ಅರ್ಥಗಳೇ ನನಗೆ ಮತ್ತೆ ಮತ್ತೆ ಎದುರಾದವು.

ಮೊದಲು ಬೇರು ನೋಡೋಣ. ಹಕಾರದ ಮಾತು ಕಂಡೊಡನೆ ಅದರ ಹಿಂದಿನ ಪಕಾರವನ್ನು ಹುಡುಕುವುದು ನಮ್ಮಂಥವರ ಚಾಳಿ: ಪಾಲು ಹಾಲಾಯಿತು, ಪುಳಿ ಹುಳಿಯಾಯಿತು, ಪೆಪ್ಪು ಹೆಪ್ಪಾಯಿತು. ಕರ್ಪು ಕಪ್ಪಾದ ದಾರಿಯಲ್ಲೇ ಪೆರ್ಪು ಪೆಪ್ಪಾಗಿದೆ. ಅದರ ಹಿಂದಿರುವುದು ದಟ್ಟವಾಗು, ಘನವಾಗು ಎಂಬರ್ಥದ ಪೆರೆ. ಆ ಪೆರೆಯೇ ಹೆರೆಯಾಗಿ, ಗಟ್ಟಿಯಾದ ತುಪ್ಪವನ್ನು ಹೆರೆದುಪ್ಪ ಎನ್ನುವಲ್ಲಿ ಉಳಿದುಕೊಂಡಿತು. ಎಳೆಯ ಚಂದ್ರನನ್ನು ಹೇಳುವ ಪೆಱೆಯೊಂದಿಗೆ ಇದನ್ನು ಬೆರೆಸಬಾರದು, ಅಲ್ಲಿರುವುದು ಶಕಟರೇಫ, ಅಂದರೆ ಹಳಗನ್ನಡದ ಇನ್ನೊಂದು ರಕಾರವಾದ ಱ. ತಮಿಳು ಇಂದಿಗೂ ಆ ಭೇದವನ್ನು ಬರವಣಿಗೆಯಲ್ಲಿ ಕಾದುಕೊಂಡು, ಹಾಲಿಗೆ ಹಾಕುವ ಹೆಪ್ಪನ್ನು ಒಂದು ರಕಾರದಲ್ಲಿ, ಬಿದಿಗೆಯ ಚಂದ್ರನನ್ನು ಇನ್ನೊಂದು ರಕಾರದಲ್ಲಿ ಬರೆಯುತ್ತದೆ. ತೆಲುಗಿನಲ್ಲಿ ಪೇರು ಎಂದರೆ ಹೆಪ್ಪುಗಟ್ಟು, ಪೆರುಗು ಎಂದರೆ ಮೊಸರು. ಪೆರುಗು ಎಂದರೆ ಬೆಳೆ ಎಂದೂ ಹೌದು. ಎರಡನ್ನೂ ಒಂದೇ ಬೇರಿಗೆ ಕಟ್ಟುವಂತಿಲ್ಲ, ಆದರೂ ಮೊಸರಿನ ಹೆಸರಿನಲ್ಲೇ ಬೆಳೆಯುವ ಸದ್ದು ಕೇಳುವುದು ಎಂಥ ಸೊಗಸು! ನಮ್ಮ ಹಳ್ಳಿಗಳ ಬಾಯಲ್ಲಿ ಹಕಾರವೂ ಉದುರಿ, ‘ಹಾಲಿಗೆ ಎಪ್ಪಾಕು’ ಎನ್ನುವಲ್ಲಿಗೆ ಈ ಪದದ ಪಯಣ ಬಂದು ನಿಂತಿದೆ.

ಸಂಸ್ಕೃತದಲ್ಲಿ ಹೆಪ್ಪಿಗೆ ಆತಂಚನ ಎಂಬ ಹಳೆಯ ಮಾತಿದೆ. ಅಮಾವಾಸ್ಯೆಯ ದರ್ಶಯಾಗದಲ್ಲಿ ಅರ್ಪಿಸುವ ಹಾಲು ಮೊಸರುಗಳ ಹವಿಸ್ಸಾದ ಸಾನ್ನಾಯ್ಯಕ್ಕೆ ಹಾಲನ್ನು ಯಾವುದರಿಂದ ಹೆಪ್ಪುಗಟ್ಟಿಸಬೇಕು ಎಂಬ ಚರ್ಚೆ ತೈತ್ತಿರೀಯ ಸಂಹಿತೆಯಲ್ಲಿ ಬರುತ್ತದೆ: ಪೂತೀಕದ ಬಳ್ಳಿಯೋ, ಮುತ್ತುಗದ ತೊಗಟೆಯೋ, ಅಕ್ಕಿಯೋ ಎಂದು ಒಂದೊಂದನ್ನೇ ಎಣಿಸುತ್ತ ಕೊನೆಗೆ ಮೊಸರೇ ತಕ್ಕದ್ದು ಎಂದು ನಿಲ್ಲುತ್ತದೆ. ಒಂದು ಫಲಕ್ಕಾಗಿ ಹಲವು ಸಾಧನಗಳನ್ನು ಸಾಲಾಗಿ ತೂಗಿ ನೋಡುವ ಈ ಬುದ್ಧಿ ಮುಂದೆ ಮತ್ತೆ ಸಿಗಲಿದೆ, ನೆನಪಿಟ್ಟುಕೊಳ್ಳೋಣ.

ಹೊಸಗನ್ನಡದಲ್ಲಿ ಹೆಪ್ಪು ಬೀಜದ ಅರ್ಥವನ್ನು ಮನೆಯಲ್ಲೇ ಬಿಟ್ಟು ಹೊರಗೆ ಹೊರಟಿತು: ರಕ್ತ ಹೆಪ್ಪುಗಟ್ಟಿತು, ಕೆರೆ ಹೆಪ್ಪುಗಟ್ಟಿತು, ದುಃಖವೂ ಮೌನವೂ ಹೆಪ್ಪುಗಟ್ಟಿದವು. ಮೊಸರಿನ ತಂಪು ಹೋಗಿ ಸಾವಿನ ತಣ್ಪು ಬಂತು. ಸೂಕ್ಷ್ಮಜೀವಿಗಳ ಪ್ರಯೋಗಾಲಯದೊಳಗೂ ಮೊದಲು ಕಾಲಿಟ್ಟದ್ದು ಈ ಗಟ್ಟಿಯ ಅರ್ಥವೇ. ದ್ರವದಲ್ಲಿ ಎಲ್ಲ ಬ್ಯಾಕ್ಟೀರಿಯಾಗಳೂ ಕಲಸಿಹೋಗುತ್ತವೆ. ಗಟ್ಟಿ ನೆಲದ ಮೇಲಾದರೆ ಒಂದೊಂದರ ಸಂತಾನ ಒಂದೊಂದು ಚುಕ್ಕೆಯಾಗಿ ಬಿದ್ದ ಜಾಗದಲ್ಲೇ ಬೆಳೆಯುತ್ತದೆ. ಜರ್ಮನಿಯ ರಾಬರ್ಟ್ ಕಾಖ್ ಇದಕ್ಕೆ ಜೆಲಟಿನ್ ಬಳಸಿದರು, ಆದರೆ ನಮ್ಮ ಮೈಯ ಬಿಸಿಯಾದ 37 ಡಿಗ್ರಿಯಲ್ಲಿ ಅದು ಕರಗಿ ನೀರಾಗುತ್ತಿತ್ತು. 1881ರಲ್ಲಿ ಅವರ ಬಳಿ ಕೆಲಸ ಮಾಡುತ್ತಿದ್ದ ವಾಲ್ಥರ್ ಹೆಸ್ಸೆಗೆ ಅಗರ್ ಬಳಸುವಂತೆ ಸೂಚಿಸಿದವರು ಅವರ ಪತ್ನಿ ಫ್ಯಾನಿ ಹೆಸ್ಸೆ, ಅಡುಗೆಮನೆಯ ಅನುಭವದಿಂದ. ಕಡಲಪಾಚಿಯ ಈ ಅಂಟು 40 ಡಿಗ್ರಿಯ ಆಸುಪಾಸಿನಲ್ಲಿ ಹೆಪ್ಪುಗಟ್ಟಿದರೆ ಮತ್ತೆ ಕರಗಲು 85 ಡಿಗ್ರಿಯಷ್ಟು ಬಿಸಿ ಬೇಕು. ಹೆಪ್ಪು ಪ್ರಯೋಗಾಲಯಕ್ಕೆ ಹೋದದ್ದೂ ಅಡುಗೆಮನೆಯಿಂದಲೇ ಎಂಬುದು ನನಗೆ ತುಂಬ ಪ್ರಿಯವಾದ ಸಂಗತಿ.

ಆದರೆ ಕರುಳಿನ ಜೀವಿಗಳಿಗೆ ಗಟ್ಟಿ ನೆಲ ಮಾತ್ರ ಸಾಲದು. ಮೊಸರಿನ ಬ್ಯಾಕ್ಟೀರಿಯಾಗಳು ಗಾಳಿಯನ್ನು ಸಹಿಸುತ್ತವೆ, ಹಾಗಾಗಿ ಪಾತ್ರೆಯ ಮುಚ್ಚಳ ಸಡಿಲವಿದ್ದರೂ ನಮಗೆ ಚಿಂತೆಯಿಲ್ಲ. ಕರುಳಿನ ಬಹುಪಾಲು ಬ್ಯಾಕ್ಟೀರಿಯಾಗಳಿಗೆ ಆಮ್ಲಜನಕವೇ ವಿಷ. ಈ ಗಂಟನ್ನು ಬಿಡಿಸಿದ್ದು, ಅಚ್ಚರಿಯೆನ್ನಿ, ದನದ ಹೊಟ್ಟೆ. ಮೆಲುಕು ಹಾಕುವ ಪ್ರಾಣಿಗಳ ಮೊದಲ ಹೊಟ್ಟೆಯನ್ನು ಅಧ್ಯಯನ ಮಾಡುತ್ತಿದ್ದ ಅಮೆರಿಕದ ರಾಬರ್ಟ್ ಹಂಗೇಟ್ 1950ರಲ್ಲಿ ತಮ್ಮ ವಿಧಾನವನ್ನು ವಿವರಿಸಿ ಬರೆದರು: ಆಮ್ಲಜನಕವಿಲ್ಲದ ಅನಿಲ ತುಂಬಿದ ಕೊಳವೆಯಲ್ಲಿ ಕರಗಿದ ಅಗರ್ ಹಾಕಿ, ಬಿರಡೆ ಬಿಗಿದು, ಅದು ಒಳಗೋಡೆಯ ಮೇಲೆ ತೆಳ್ಳಗೆ ಹೆಪ್ಪುಗಟ್ಟುವವರೆಗೂ ಹೊರಳಿಸುವುದು. ಜೊತೆಗೆ ರೆಸಜುರಿನ್ ಎಂಬ ಬಣ್ಣವನ್ನೂ ಬೆರೆಸುವುದುಂಟು. ಆಮ್ಲಜನಕ ನುಸುಳಿದರೆ ಸಾಕು, ಅದು ಗುಲಾಬಿಯಾಗಿ ಗುಟ್ಟು ಬಿಚ್ಚಿಡುತ್ತದೆ.

ನೆಲವೂ ಸಿಕ್ಕಿತು, ಗಾಳಿಯೂ ದೂರವಾಯಿತು, ಇನ್ನು ಉಣಿಸುವುದೇನು? ಸಂಹಿತೆಯ ಆ ಎಣಿಕೆ ಇಲ್ಲಿ ನೆನಪಾಗುತ್ತದೆ. ಫ್ರಾನ್ಸಿನ ಮಾರ್ಸೆಯ ತಂಡವೊಂದು 2012ರಲ್ಲಿ ಕೇವಲ ಮೂರು ಮಲದ ಮಾದರಿಗಳನ್ನು ಇಟ್ಟುಕೊಂಡು, ಕುರಿಯ ರಕ್ತ, ದನದ ಹೊಟ್ಟೆಯ ರಸ, ಬೇರೆ ಬೇರೆ ಶಾಖ, ಬೇರೆ ಬೇರೆ ಅವಧಿ ಎಂದು 212 ಬಗೆಯ ಸ್ಥಿತಿಗಳಲ್ಲಿ ಬೆಳೆಸಿ ನೋಡಿ 340 ಬ್ಯಾಕ್ಟೀರಿಯಾ ಪ್ರಭೇದಗಳನ್ನು ಗುರುತಿಸಿತು. ಮುಂದೆ ಆ ಸ್ಥಿತಿಗಳನ್ನು ಸೋಸಿ 18ಕ್ಕೆ ಇಳಿಸಿತು. ಇಂಗ್ಲೆಂಡಿನ ಸ್ಯಾಂಗರ್ ಸಂಸ್ಥೆಯವರು 2016ರಲ್ಲಿ ಇದಕ್ಕೆ ವಿರುದ್ಧ ದಿಕ್ಕಿನಿಂದ ಬಂದರು: ಬಹುತೇಕ ಒಂದೇ ಊಟ, ವೈಸಿಎಫ್‌ಎ ಎಂಬ ಹೆಸರಿನದು, ಯೀಸ್ಟಿನ ಸಾರ, ಕೊಬ್ಬಿನಾಮ್ಲಗಳು ಮತ್ತು ಕೇಸಿನ್ ಎಂಬ ಹಾಲಿನ ಪ್ರೋಟೀನನ್ನು ಒಡೆದ ಪುಡಿ. ಹೆಪ್ಪಿನ ಹುಳಿ ತಾಗಿದಾಗ ಹಾಲಿನಲ್ಲಿ ಒಂದನ್ನೊಂದು ಹಿಡಿದು ಗಟ್ಟಿಯಾಗುವುದು ಇದೇ ಕೇಸಿನ್! ಬೆಳೆಸಲಾಗದು ಎಂದು ಕೈಬಿಟ್ಟಿದ್ದ ಎಷ್ಟೋ ಜೀವಿಗಳು ಈ ಊಟಕ್ಕೆ ಒಲಿದವು. ಮಾದರಿಗೆ ಎಥನಾಲ್ ಸುರಿದಾಗ ಮಿಕ್ಕವು ಸತ್ತು ಬೀಜಕಗಳು ಮಾತ್ರ ಉಳಿಯುತ್ತವೆ. ಅವನ್ನು ಬೆಳೆಸಿ, ಕರುಳಿನಲ್ಲಿ ಬೀಜಕ ಕಟ್ಟುವವು ಎಷ್ಟೊಂದಿವೆ ಎಂಬುದನ್ನೂ ಅವರು ತೋರಿಸಿದರು.

ಗಟ್ಟಿ ಮಾಡುವ ಹೆಪ್ಪು ಬೀಜದ ಹೆಪ್ಪನ್ನೇ ಕೊಂದದ್ದೂ ಉಂಟು. ಫಾಸ್ಫೇಟನ್ನೂ ಅಗರನ್ನೂ ಒಟ್ಟಿಗೆ ಒತ್ತಡದ ಪಾತ್ರೆಯಲ್ಲಿ ಬೇಯಿಸಿದರೆ ಬ್ಯಾಕ್ಟೀರಿಯಾಗಳಿಗೆ ವಿಷವಾದ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತದೆ, ಬೇರೆ ಬೇರೆಯಾಗಿ ಬೇಯಿಸಿ ಆಮೇಲೆ ಕಲಸಿದರೆ ಹೆಚ್ಚು ಬ್ಯಾಕ್ಟೀರಿಯಾಗಳು ಬೆಳೆಯುತ್ತವೆ ಎಂದು 2014ರಲ್ಲಿ ಜಪಾನಿನ ವಿಜ್ಞಾನಿಗಳು ಪರಿಸರದ ಮಾದರಿಗಳಲ್ಲಿ ಕಂಡುಕೊಂಡರು. ಬೇಯಿಸುವ ಕ್ರಮವೊಂದರಲ್ಲಿ ಇಷ್ಟು ಅಡಗಿತ್ತು.

ಈ ಬೆಳೆಸುವಿಕೆಗೆ ನಮ್ಮ ಪಠ್ಯಗಳು ಕೃಷಿ ಎನ್ನುತ್ತವೆ, ಅಂಗಾಂಶ ಕೃಷಿ ಎಂಬಂತೆ. ಕೃಷ್ ಎಂದರೆ ಉಳು, ಗೀರು. ಇಂಗ್ಲಿಷಿನ ಕಲ್ಚರ್ ಕೂಡ ಹೊಲದಿಂದಲೇ ಎದ್ದು ಬಂದದ್ದು. ತಪ್ಪೇನಿಲ್ಲ. ಆದರೂ ಮೊದಲಿಗೆ ಬಿತ್ತುವ ಆ ಜೀವಂತ ಚೂರನ್ನಾದರೂ ಹೆಪ್ಪು ಎಂದೇ ಕರೆಯಬೇಕೆಂಬುದು ನನ್ನ ಹಟ, ಏಕೆಂದರೆ ಕೃಷಿಯಲ್ಲಿಲ್ಲದ ನೆರೆಹೊರೆ ಹೆಪ್ಪಿನಲ್ಲಿದೆ. ಬಾಸ್ಟನ್ನಿನ ವಿಜ್ಞಾನಿಗಳು 2019ರಲ್ಲಿ ವರ್ಣಿಸಿದ ಕರುಳಿನ ಬ್ಯಾಕ್ಟೀರಿಯಾವೊಂದು ತಟ್ಟೆಯಲ್ಲಿ ಒಂಟಿಯಾಗಿದ್ದರೆ ಬೆಳೆಯದು. ಪಕ್ಕದಲ್ಲಿ ಬ್ಯಾಕ್ಟೀರಾಯ್ಡಿಸ್ ಫ್ರಾಜಿಲಿಸ್ ಇದ್ದರೆ ಮಾತ್ರ ಚಿಗುರುತ್ತದೆ. ಆ ನೆರೆಯವಳಿಂದ ಅದಕ್ಕೆ ದಕ್ಕುವುದು ಗಾಬಾ ಎಂಬ ವಸ್ತು, ನಮ್ಮ ಮಿದುಳಿನ ನರಗಳೂ ಸಂದೇಶಕ್ಕೆ ಬಳಸುವಂಥದ್ದು. ಓದುತ್ತಿದ್ದಂತೆ ಕಿವಿಯಲ್ಲಿ ಹಳೆಯ ದನಿಯೊಂದು ಎದ್ದಿತು: ಮುಸ್ಸಂಜೆ ಕವಿದರೆ ಮೊಸರು ಕೊಡಬಾರದೆಂದು, ಅದಕ್ಕೆ ಮೊದಲೇ ಪುಟ್ಟ ಬಟ್ಟಲು ಹಿಡಿದು ಪಕ್ಕದ ಮನೆಯ ಹೊಸ್ತಿಲಲ್ಲಿ ನಿಂತು, ‘ಅಕ್ಕಾ, ಒಂಚೂರು ಹೆಪ್ಪಿದ್ರೆ ಕೊಡ್ತೀರಾ?’