ಚಿತ್ರನಿರ್ಮಾಪಕ ಅಲೆಕ್ಸಾಂಡರ್ ಕೋರ್ಡಾ

ದೇಶಗಳ ಚರಿತ್ರೆಯನ್ನು ಬರೆಯುವವರು ಅರಸರು, ಮಂತ್ರಿಗಳು, ಸೇನಾನಿಗಳು ಇವರ ಹೆಸರುಗಳನ್ನು ಹೇಳಿ ಮುಗಿಸುವುದುಂಟು. ಆದರೆ ಒಂದು ದೇಶವು ತನ್ನನ್ನು ತಾನು ಹೇಗೆ ಕಂಡುಕೊಂಡಿತು, ಪರರ ಕಣ್ಣಿಗೆ ಹೇಗೆ ಕಾಣಬಯಸಿತು ಎಂಬುದೂ ಚರಿತ್ರೆಯ ವಿಷಯವೇ. ಇಪ್ಪತ್ತನೆಯ ಶತಮಾನದಲ್ಲಿ ಈ ಕೆಲಸವು ಬಹುಮಟ್ಟಿಗೆ ಚಲಚ್ಚಿತ್ರದ ಪಾಲಿಗೆ ಬಂದಿತು. ಇಂಗ್ಲೆಂಡಿನ ವೈಭವವನ್ನು ತೆರೆಯ ಮೇಲೆ ತೋರಿಸಿ ಹೆಸರಾದ ಅಲೆಕ್ಸಾಂಡರ್ ಕೋರ್ಡಾ ಹಂಗೇರಿ ದೇಶದಿಂದ ಬಂದ ಪರದೇಶಿ. ಅವನ ಕಥೆಯಲ್ಲಿ ನಮ್ಮ ಮೈಸೂರು ಸೀಮೆಯ ಮಾವುತನ ಮಗನೊಬ್ಬನೂ ಬರುತ್ತಾನೆ. ಆದುದರಿಂದ ಆ ಕಥೆಯನ್ನು ನಾವು ದೂರದವರ ಕಥೆಯೆಂದು ಕೇಳಬೇಕಾಗಿಲ್ಲ.

ಕೋರ್ಡನು 1893ನೆಯ ಇಸವಿಯಲ್ಲಿ ಹಂಗೇರಿಯ ಬಯಲುಸೀಮೆಯ ಒಂದು ಹಳ್ಳಿಯಲ್ಲಿ, ಯೆಹೂದ್ಯ ಮನೆತನದಲ್ಲಿ ಜನಿಸಿದನು. ತಂದೆ ಒಂದು ಜಮೀನಿನ ಮೇಲ್ವಿಚಾರಕ. ಹುಟ್ಟುಹೆಸರು ಶಾಂದೋರ್ ಕೆಲ್ನರ್; ಕೋರ್ಡಾ ಎಂಬುದು ಲೇಖನವೃತ್ತಿಯಲ್ಲಿದ್ದಾಗ ತಾನೇ ಇಟ್ಟುಕೊಂಡ ಹೆಸರು. ಪತ್ರಿಕೆಯ ಕೆಲಸದಿಂದ ಚಿತ್ರದ ಕೆಲಸಕ್ಕೆ ಬಂದು, ಮೊದಲನೆಯ ಮಹಾಯುದ್ಧದ ಕಾಲಕ್ಕೆ ಬುಡಾಪೆಸ್ಟಿನಲ್ಲಿ ಗಣ್ಯ ನಿರ್ಮಾಪಕನಾದನು. 1919ರಲ್ಲಿ ಅಲ್ಲಿನ ಕ್ರಾಂತಿಸರ್ಕಾರವು ಕೆಲವೇ ತಿಂಗಳು ಬಾಳಿ ಬಿದ್ದುಹೋಯಿತು. ಆ ಸರ್ಕಾರದ ಕೆಳಗೆ ಚಿತ್ರ ತೆಗೆದಿದ್ದ ಕೋರ್ಡನು ಸೆರೆಯಾದನು. ಬಿಡುಗಡೆಯಾದೊಡನೆ ವಿಯೆನ್ನಾ ನಗರಕ್ಕೆ ಓಡಿಹೋದನು. ಅಲ್ಲಿಂದ ಬರ್ಲಿನ್, ಹಾಲಿವುಡ್, ಪ್ಯಾರಿಸ್. ಹೀಗೆ ಹನ್ನೆರಡು ವರ್ಷಗಳ ಅಲೆದಾಟದ ಬಳಿಕ 1931ರಲ್ಲಿ ಲಂಡನ್ನಿಗೆ ಬಂದನು.

ಆ ಕಾಲದಲ್ಲಿ ಇಂಗ್ಲೆಂಡಿನ ಚಿತ್ರಮಂದಿರಗಳಲ್ಲಿ ಅಮೆರಿಕದ ಚಿತ್ರಗಳದೇ ರಾಜ್ಯಭಾರ. ಇದನ್ನು ತಡೆಯುವುದಕ್ಕಾಗಿ ಪಾರ್ಲಿಮೆಂಟು 1927ರಲ್ಲಿ ಒಂದು ಕಾನೂನನ್ನು ಮಾಡಿ, ಪ್ರತಿಯೊಂದು ಮಂದಿರವೂ ಗೊತ್ತಾದಷ್ಟು ಪಾಲು ಬ್ರಿಟಿಷ್ ಚಿತ್ರಗಳನ್ನು ತೋರಿಸತಕ್ಕದ್ದೆಂದು ವಿಧಿಸಿತು. ಕಾನೂನು ಬಂದಿತು, ಗುಣವು ಬರಲಿಲ್ಲ. ಲೆಕ್ಕ ತುಂಬಿಸುವುದಕ್ಕೆಂದೇ ಅಗ್ಗದ ಚಿತ್ರಗಳು ರಾಶಿರಾಶಿಯಾಗಿ ಹುಟ್ಟಿದವು. ಕೋರ್ಡನನ್ನು ಅಮೆರಿಕದ ಸಂಸ್ಥೆಯೊಂದು ಲಂಡನ್ನಿಗೆ ಕರೆಸಿಕೊಂಡದ್ದೂ ಇಂಥ ಚಿತ್ರಗಳಿಗಾಗಿಯೇ. ಅವನು ಆ ದಾರಿಯನ್ನು ಬಿಟ್ಟು, 1932ರಲ್ಲಿ ಲಂಡನ್ ಫಿಲ್ಮ್ಸ್ ಎಂಬ ಸ್ವಂತ ಸಂಸ್ಥೆಯನ್ನು ಸ್ಥಾಪಿಸಿದನು. ಮರುವರ್ಷ ಎಂಟನೆಯ ಹೆನ್ರಿ ಅರಸನ ಖಾಸಗಿ ಬದುಕನ್ನು ಕುರಿತ ಅವನ ಚಿತ್ರವು ಹೊರಬಿದ್ದಿತು. ಇಂಗ್ಲಿಷರ ಅರಸನನ್ನು, ಕೋಳಿಯ ತೊಡೆಯನ್ನು ಕೈಯಲ್ಲಿ ಹಿಡಿದು ಮೆಲ್ಲುವ, ಹೆಂಡಿರಿಗೆ ಹೆದರುವ ಮನುಷ್ಯನನ್ನಾಗಿ ಈ ಪರದೇಶಿಯು ತೋರಿಸಿದನು. ಅಮೆರಿಕದ ಜನವೂ ಅದನ್ನು ಮೆಚ್ಚಿತು. ಹೆನ್ರಿಯ ಪಾತ್ರವನ್ನು ವಹಿಸಿದ ಚಾರ್ಲ್ಸ್ ಲಾಟನ್ನನಿಗೆ ಆಸ್ಕರ್ ಪ್ರಶಸ್ತಿ ದೊರೆಯಿತು.

ಈ ಒಂದು ಜಯವನ್ನು ನಂಬಿ ಪ್ರುಡೆನ್ಷಿಯಲ್ ಎಂಬ ವಿಮಾ ಸಂಸ್ಥೆಯು ಹಣವನ್ನು ಸುರಿಯಿತು. 1936ರಲ್ಲಿ ಡೆನ್‌ಹ್ಯಾಮ್ ಎಂಬಲ್ಲಿ ಏಳು ಚಿತ್ರೀಕರಣ ಮಂಟಪಗಳುಳ್ಳ ದೊಡ್ಡ ಸ್ಟುಡಿಯೋ ತೆರೆಯಿತು. ಅದೇ ವರ್ಷ ಕೋರ್ಡನು ಬ್ರಿಟಿಷ್ ಪ್ರಜೆಯಾದನು.

ಇಲ್ಲಿ ಮೈಸೂರಿನ ಪ್ರಸ್ತಾಪ ಬರುತ್ತದೆ. ಕಿಪ್ಲಿಂಗನ ಕಥೆಯೊಂದನ್ನು ಆಧರಿಸಿ ಆನೆಗಳ ಚಿತ್ರವನ್ನು ತೆಗೆಯಲು ಕೋರ್ಡನು ರಾಬರ್ಟ್ ಫ್ಲಾಹರ್ಟಿಯನ್ನು 1935ರಲ್ಲಿ ಮೈಸೂರಿಗೆ ಕಳುಹಿದನು. ಕಾರಾಪುರದಲ್ಲಿ ಹುಟ್ಟಿದ ಸಾಬು ಎಂಬ ಹುಡುಗನು ನಾಯಕನಾಗಿ ಆರಿಸಲ್ಪಟ್ಟನು. ಅವನು ಅರಮನೆಯ ಮಾವುತನ ಮಗ. ವಯಸ್ಸು ಸುಮಾರು ಹನ್ನೊಂದು. ಫ್ಲಾಹರ್ಟಿಯು ಅವಸರವಿಲ್ಲದೆ ಕಾಡನ್ನೂ ಆನೆಗಳನ್ನೂ ಚಿತ್ರಿಸುತ್ತಿದ್ದನು. ಲಂಡನ್ನಿನಲ್ಲಿ ಖರ್ಚು ಏರುತ್ತಿತ್ತು. ಕಡೆಗೆ ಹುಡುಗನನ್ನು ಇಂಗ್ಲೆಂಡಿಗೆ ಕರೆದೊಯ್ದು, ಕಥೆಯ ಉಳಿದ ಭಾಗವನ್ನು ಕೋರ್ಡನ ತಮ್ಮ ಜೋಲ್ಟಾನನು ಡೆನ್‌ಹ್ಯಾಮಿನಲ್ಲಿ ಪೂರೈಸಿದನು. 1937ರಲ್ಲಿ ಹೊರಬಂದ ‘ಎಲಿಫೆಂಟ್ ಬಾಯ್’ ಚಿತ್ರಕ್ಕೆ ವೆನಿಸ್ ಉತ್ಸವದಲ್ಲಿ ನಿರ್ದೇಶನದ ಬಹುಮಾನ ಬಂದಿತು. ಆನೆಯ ಮೇಲೆ ಕುಳಿತ ಸಾಬುವಿನ ಸಹಜವಾದ ನಿಲುವು ಇಂದಿಗೂ ನಮ್ಮ ಕಣ್ಣನ್ನು ಸೆಳೆಯುತ್ತದೆ. ಅದನ್ನು ಯಾವ ಸ್ಟುಡಿಯೋವೂ ಕಲಿಸಿದ್ದಲ್ಲ.

ಆದರೆ ನಾವು ಮೆಚ್ಚುಗೆಯಲ್ಲೇ ನಿಲ್ಲುವುದು ನ್ಯಾಯವಲ್ಲ. 1938ರಲ್ಲಿ ಇದೇ ಸಾಬುವನ್ನಿಟ್ಟುಕೊಂಡು ಕೋರ್ಡನು ‘ದಿ ಡ್ರಮ್’ ಎಂಬ ಚಿತ್ರವನ್ನು ತೆಗೆದನು. ಅದರಲ್ಲಿ ವಾಯವ್ಯ ಗಡಿಯ ರಾಜಕುಮಾರನೊಬ್ಬನು ಬ್ರಿಟಿಷರ ನೆಚ್ಚಿನ ಗೆಳೆಯ. ಅವರನ್ನು ವಿರೋಧಿಸುವವರು ಕ್ರೂರಿಗಳು. ಮುಂಬಯಿಯಲ್ಲಿಯೂ ಮದರಾಸಿನಲ್ಲಿಯೂ ಜನರು ಕೆರಳಿ ಪ್ರತಿಭಟಿಸಿದರು. ತನ್ನ ದೇಶದಲ್ಲಿ ಅಧಿಕಾರದ ಬಿಸಿಯನ್ನು ಉಂಡು ಓಡಿಬಂದವನಿಗೆ ಆಳಿಸಿಕೊಳ್ಳುವವರ ನೋವು ಏಕೆ ಕಾಣಲಿಲ್ಲ? ಆಶ್ರಯ ಕೊಟ್ಟ ನಾಡಿನ ಮೇಲಣ ಕೃತಜ್ಞತೆಯು ಅವನ ದೃಷ್ಟಿಯನ್ನು ಒಂದು ಕಡೆಗೇ ಕಟ್ಟಿಹಾಕಿತೆಂದು ನಮಗೆ ತೋರುತ್ತದೆ. ಕೃತಜ್ಞತೆ ಸದ್ಗುಣವೇ, ಆದರೆ ಅದೊಂದೇ ಸತ್ಯಕ್ಕೆ ಸಾಕ್ಷಿಯಾಗಲಾರದು.

ಹಣದ ವಿಷಯದಲ್ಲಿಯೂ ಅವನ ಕೈ ಬಿಗಿಯಾಗಿರಲಿಲ್ಲ. ಮೂರು ವರ್ಷ ತುಂಬುವ ಮೊದಲೇ ಡೆನ್‌ಹ್ಯಾಮ್ ಅವನ ಹಿಡಿತದಿಂದ ಜಾರಿತು. ಯುದ್ಧವು ಬಂದುದರಿಂದ ‘ದಿ ಥೀಫ್ ಆಫ್ ಬಾಗ್ದಾದ್’ ಚಿತ್ರವನ್ನು ಅಮೆರಿಕದಲ್ಲಿ ಮುಗಿಸಬೇಕಾಯಿತು. 1940ರ ಆ ಚಿತ್ರಕ್ಕೆ ಮೂರು ಆಸ್ಕರುಗಳು ಬಂದವು. ನೆಲ್ಸನ್ನನನ್ನು ಕುರಿತ 1941ರ ಚಿತ್ರವನ್ನು ಚರ್ಚಿಲ್ಲರು ಬಹುವಾಗಿ ಮೆಚ್ಚಿದರು. 1942ರಲ್ಲಿ ಕೋರ್ಡನಿಗೆ ‘ಸರ್’ ಪದವಿ ದೊರೆಯಿತು. ಯುದ್ಧಾನಂತರ ಅವನು ಬ್ರಿಟಿಷ್ ಲಯನ್ ಸಂಸ್ಥೆಯನ್ನು ವಹಿಸಿಕೊಂಡನು. ಸರ್ಕಾರದ ನಿಧಿಯಿಂದ ಮೂವತ್ತು ಲಕ್ಷ ಪೌಂಡು ಸಾಲವೂ ದೊರೆಯಿತು. 1954ರಲ್ಲಿ ಆ ಸಂಸ್ಥೆಯು ದಿವಾಳಿಯ ಅಂಚಿಗೆ ಬಂದು ರಿಸೀವರನ ವಶವಾಯಿತು. ಅದರ ನಡುವೆಯೇ 1949ರಲ್ಲಿ, ಕ್ಯಾರಲ್ ರೀಡನ ನಿರ್ದೇಶನದಲ್ಲಿ ‘ದಿ ಥರ್ಡ್ ಮ್ಯಾನ್’ ಹುಟ್ಟಿತು. ಮೂವತ್ತು ವರ್ಷಗಳ ಹಿಂದೆ ಕೋರ್ಡನಿಗೆ ಆಸರೆ ಕೊಟ್ಟಿದ್ದ ವಿಯೆನ್ನಾ, ಯುದ್ಧದಿಂದ ಹಾಳಾಗಿ ಅದರಲ್ಲಿ ಕಾಣುತ್ತದೆ. ಅಲ್ಲಿ ಸಾಮ್ರಾಜ್ಯದ ವೈಭವವಿಲ್ಲ, ನಗಾರಿಯ ಸದ್ದಿಲ್ಲ. ಕಳ್ಳಪೇಟೆಯಲ್ಲಿ ಔಷಧ ಮಾರುವವನೂ, ಗೆಳೆತನಕ್ಕೂ ಧರ್ಮಕ್ಕೂ ನಡುವೆ ಸಿಕ್ಕಿದವನೂ ಇದ್ದಾರೆ. ಅವನ ಚಿತ್ರಗಳಲ್ಲಿ ಅದೇ ಶ್ರೇಷ್ಠವೆಂದು ನಮ್ಮ ಎಣಿಕೆ.

1956ರ ಜನವರಿಯಲ್ಲಿ ಕೋರ್ಡನು ಲಂಡನ್ನಿನಲ್ಲಿ ತೀರಿಕೊಂಡನು. ಅಮೆರಿಕದ ಪ್ರಜೆಯಾಗಿ, ಯುದ್ಧವಿಮಾನದಲ್ಲಿ ಬಂದೂಕು ಹಿಡಿದು ಶೌರ್ಯಪದಕವನ್ನು ಪಡೆದ ಸಾಬು 1963ರಲ್ಲಿ, ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ ಮಡಿದನು. ಒಬ್ಬನು ಹಂಗೇರಿಯ ಹಳ್ಳಿಯಿಂದ, ಇನ್ನೊಬ್ಬನು ಕಾರಾಪುರದ ಕಾಡಂಚಿನಿಂದ ಹೊರಟವರು. ಇಬ್ಬರೂ ಹುಟ್ಟಿದ ನೆಲದಿಂದ ದೂರದಲ್ಲಿ ಮಣ್ಣಾದರು. ಹೊರಟವನೊಬ್ಬನು, ಕರೆದೊಯ್ಯಲ್ಪಟ್ಟವನೊಬ್ಬನು ಎಂಬಷ್ಟೇ ಭೇದ. ಆ ಹಳೆಯ ಚಿತ್ರವನ್ನು ನೋಡುವಾಗ ನಾವು ಈ ಭೇದವನ್ನು ಮರೆಯದಿದ್ದರೆ, ನಿರ್ಮಾಪಕನಿಗೂ ಹುಡುಗನಿಗೂ ನ್ಯಾಯ ಸಲ್ಲಿಸಿದಂತಾಗುತ್ತದೆ.