ಚಿತ್ರದ ಕಾಪಿ–ಪೇಸ್ಟ್ (ಟ್ಯಾಬ್ಲೆಟ್)

ಟ್ಯಾಬ್ಲೆಟ್‌ನಲ್ಲಿ ಒಂದೆಡೆ ಇರುವ ಚಿತ್ರದ ಪ್ರತಿಯನ್ನು ಬೆರಳಿನಿಂದಲೇ ಎತ್ತಿ ಇನ್ನೊಂದೆಡೆ ಕೂರಿಸುವ ಕ್ರಮ. ಕಂಪ್ಯೂಟರಿನಲ್ಲಿ ಈ ವಿಧಾನಕ್ಕೆ 1970ರ ದಶಕದಲ್ಲಿ ಅಮೆರಿಕದ ಜೆರಾಕ್ಸ್ ಪಾರ್ಕ್ ಸಂಶೋಧನಾಲಯದ ಲ್ಯಾರಿ ಟೆಸ್ಲರ್ ಮತ್ತು ಟಿಮ್ ಮಾಟ್ ರೂಪ ಕೊಟ್ಟರು. 2010ರಲ್ಲಿ ಐಪ್ಯಾಡ್ ಬಂದಾಗ ಮೌಸ್‌ನ ಜಾಗವನ್ನು ಬೆರಳು ಹಿಡಿಯಿತು.

ಇದರ ಬಳಕೆಗೆ ಉದಾಹರಣೆಯಾಗಿ ಗದಗ ತಾಲ್ಲೂಕಿನ ಕಣಗಿನಹಾಳವನ್ನೇ ತೆಗೆದುಕೊಳ್ಳಿ. 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಸಹಕಾರ ಸಂಘ ಕಟ್ಟಿದ ಊರದು. ಪಾಟೀಲರ ಚಿತ್ರವನ್ನು ಶಿಕ್ಷಕರೊಬ್ಬರು ಪಾಠದ ಟಿಪ್ಪಣಿಗೆ ಸೇರಿಸಬೇಕೆಂದರೆ, ಬ್ರೌಸರಿನಲ್ಲಿ ಚಿತ್ರವನ್ನು ಒತ್ತಿ ಹಿಡಿದು ‘ಕಾಪಿ’ ಆರಿಸಬೇಕು. ಟಿಪ್ಪಣಿಯ ಖಾಲಿ ಜಾಗದಲ್ಲಿ ಮತ್ತೆ ಒತ್ತಿ ಹಿಡಿದರೆ ‘ಪೇಸ್ಟ್’ ಕಾಣುತ್ತದೆ.

ನಡುವಿನ ತಂಗುದಾಣವೇ ಕ್ಲಿಪ್‌ಬೋರ್ಡ್. ಸಾಮಾನ್ಯವಾಗಿ ಹೊಸದನ್ನು ಕಾಪಿ ಮಾಡಿದರೆ ಹಳೆಯದು ಜಾಗ ಬಿಡುತ್ತದೆ. ಪಠ್ಯವನ್ನಷ್ಟೇ ಸ್ವೀಕರಿಸುವ ಆ್ಯಪ್‌ಗಳಲ್ಲಿ ಚಿತ್ರ ಅಂಟುವುದಿಲ್ಲ. ಆಗ ಅದನ್ನು ಗ್ಯಾಲರಿಗೆ ಉಳಿಸಿಕೊಂಡು ‘ಶೇರ್’ ಮಾಡುವುದೇ ದಾರಿ. ಐಪ್ಯಾಡ್‌ನಲ್ಲಿ 2019ರಿಂದ ಮೂರು ಬೆರಳು ಚಿವುಟಿದರೆ ಕಾಪಿ, ಅಗಲಿಸಿದರೆ ಪೇಸ್ಟ್.

ಪ್ರತಿ ತೆಗೆಯುವುದು ಸುಲಭವಾದರೂ ಹಕ್ಕು ಬೇರೆಯದೇ ವಿಷಯ: 2012ರ ತಿದ್ದುಪಡಿಯ ಬಳಿಕ ಭಾರತದಲ್ಲಿ ಛಾಯಾಚಿತ್ರದ ಹಕ್ಕುಸ್ವಾಮ್ಯವು ಛಾಯಾಗ್ರಾಹಕರ ಜೀವಿತಾವಧಿ ಮತ್ತು ಆನಂತರದ 60 ವರ್ಷ ಉಳಿಯುತ್ತದೆ.