ಟ್ರ್ಯಾಕ್ಟರ್ ಟೈರುಗಳಿಗೆ ನೀರು ತುಂಬುವಿಕೆ ಹಾಗೂ ರಿಮ್ ತುಕ್ಕು ತಡೆ: ರೈತರಿಗೆ ಮಾಹಿತಿ

ಹಾವೇರಿ, ರಾಣೇಬೆನ್ನೂರು ಹಾಗೂ ಬ್ಯಾಡಗಿ ತಾಲ್ಲೂಕುಗಳ ರೈತರು ಉಳುಮೆಯ ವೇಳೆ ಟ್ರ್ಯಾಕ್ಟರಿನ ಹಿಂದಿನ ಚಕ್ರಗಳು ಜಾರದಂತೆ ಟೈರುಗಳಿಗೆ ನೀರು ತುಂಬಿಸುವುದುಂಟು. ಒಂದು ಲೀಟರ್ ನೀರು ಒಂದು ಕಿಲೋಗ್ರಾಂ ತೂಗುವುದರಿಂದ ಅಲ್ಪ ವೆಚ್ಚದಲ್ಲಿ ಚಕ್ರದ ಭಾರ ಹೆಚ್ಚುತ್ತದೆ. ಆದರೆ ಹಳೆಯ ಟ್ಯೂಬು ಸೋರಿದಲ್ಲಿ ರಿಮ್ ಒಳಭಾಗದಿಂದ ತುಕ್ಕು ಹಿಡಿದು, ಹೊರಗೆ ಕಾಣುವ ವೇಳೆಗೆ ದುರ್ಬಲಗೊಂಡಿರುತ್ತದೆ.

ನೀರು ತುಂಬುವ ಕ್ರಮ:
1. ಜಾಕ್ ಹಾಗೂ ಭದ್ರವಾದ ಆಸರೆಯ ಮೇಲೆ ಚಕ್ರವನ್ನು ಎತ್ತಿ, ವಾಲ್ವ್ ಮೇಲ್ತುದಿಗೆ ಬರುವಂತೆ ತಿರುಗಿಸತಕ್ಕದ್ದು.
2. ನೀರನ್ನು ವಾಲ್ವ್ ಮಟ್ಟದವರೆಗೆ, ಅಂದರೆ ಸುಮಾರು ಶೇ. 75 ರಷ್ಟು ಮಾತ್ರ ತುಂಬಿ, ನಂತರ ತಯಾರಕರ ಕೈಪಿಡಿಯಲ್ಲಿ ಸೂಚಿಸಿದ ಒತ್ತಡಕ್ಕೆ ಗಾಳಿ ಹಾಕತಕ್ಕದ್ದು. ಎರಡೂ ಚಕ್ರಗಳಿಗೆ ಸಮಪ್ರಮಾಣದ ನೀರಿರಬೇಕು.
3. ಶೀತ ದೇಶಗಳಲ್ಲಿ ನೀರು ಹೆಪ್ಪುಗಟ್ಟದಂತೆ ಕ್ಯಾಲ್ಸಿಯಂ ಕ್ಲೋರೈಡ್ ಬೆರೆಸುತ್ತಾರೆ. ಈ ಜಿಲ್ಲೆಯ ಹವಾಮಾನಕ್ಕೆ ಅದರ ಅಗತ್ಯವಿಲ್ಲ. ಸದರಿ ಲವಣವು ಸೋರಿದಲ್ಲಿ ರಿಮ್ಮನ್ನು ಶೀಘ್ರವಾಗಿ ತಿನ್ನುತ್ತದೆ. ಉಪ್ಪಿನಂಶವಿರುವ ಕೊಳವೆ ಬಾವಿ ನೀರನ್ನೂ ಬಳಸದಿರುವುದು ಸೂಕ್ತ.

ಜಾರುವಿಕೆಯ ಲೆಕ್ಕ: ಚಕ್ರಕ್ಕೆ ಗುರುತು ಹಾಕಿ, ಹೊಲದಲ್ಲಿ 10 ಸುತ್ತು ತಿರುಗುವಾಗ ಕ್ರಮಿಸಿದ ದೂರವನ್ನು ನೇಗಿಲು ಎತ್ತಿ ಒಮ್ಮೆ, ನೇಗಿಲು ಇಳಿಸಿ ಒಮ್ಮೆ ಅಳೆಯಬೇಕು. ಉದಾಹರಣೆಗೆ, ಮೊದಲು 40 ಮೀಟರ್, ನಂತರ 34 ಮೀಟರ್ ಇದ್ದಲ್ಲಿ ಜಾರುವಿಕೆ ಶೇ. 15. ಇದಕ್ಕಿಂತ ಹೆಚ್ಚಾದಲ್ಲಿ ಮಾತ್ರ ಹೆಚ್ಚುವರಿ ಭಾರ ಸೇರಿಸಬೇಕು. ಅನಗತ್ಯ ಭಾರದಿಂದ ಎರೆ ಭೂಮಿ ಗಟ್ಟಿಯಾಗುವುದಲ್ಲದೆ ಡೀಸೆಲ್ ವ್ಯಯವಾಗುತ್ತದೆ. ಟ್ರೇಲರ್ ಸಾಗಣೆಯ ಅವಧಿಯಲ್ಲಿ ನೀರನ್ನು ಹೊರತೆಗೆಯುವುದು ಒಳಿತು.

ತುಕ್ಕಿನ ಲಕ್ಷಣ ಮತ್ತು ಪರಿಹಾರ: ವಾಲ್ವ್ ರಂಧ್ರದ ಸುತ್ತ ಕೆಂಪು ಕಲೆ, ತೇವ ಅಥವಾ ಬಣ್ಣದ ಉಬ್ಬು ಕಂಡಲ್ಲಿ ಟೈರನ್ನು ಬಿಚ್ಚಿಸಿ, ರಿಮ್ಮನ್ನು ಶುದ್ಧ ನೀರಿನಿಂದ ತೊಳೆದು, ತಂತಿ ಬ್ರಷ್‌ನಿಂದ ಉಜ್ಜಿ, ಒಣಗಿದ ನಂತರ ರೆಡ್ ಆಕ್ಸೈಡ್ ಹಾಗೂ ಬಣ್ಣ ಬಳಿಯಬೇಕು. ಸೋರುವ ಟ್ಯೂಬನ್ನು ಬದಲಿಸಬೇಕು. ರಂಧ್ರ ಅಥವಾ ಬಿರುಕು ಬಿಟ್ಟ ರಿಮ್ಮನ್ನು ಮರುಬಳಕೆ ಮಾಡಬಾರದು.

ಎಚ್ಚರಿಕೆ: ಟೈರು ಜೋಡಿಸಿರುವ ರಿಮ್ಮಿಗೆ ಯಾವುದೇ ಕಾರಣಕ್ಕೂ ವೆಲ್ಡಿಂಗ್ ಮಾಡಿಸಬಾರದು. ಗಾಳಿ ತೆಗೆದಿದ್ದರೂ ಟೈರು ಸ್ಫೋಟಗೊಂಡು ಪ್ರಾಣಹಾನಿ ಸಂಭವಿಸಬಹುದು.

ಹಳೆಯ ಟ್ರ್ಯಾಕ್ಟರ್ ಖರೀದಿಸುವವರು ಹಣ ಪಾವತಿಸುವ ಮುನ್ನ ಟೈರಿನಲ್ಲಿ ನೀರಿದೆಯೇ ಎಂದು ವಿಚಾರಿಸಿ, ರಿಮ್ಮುಗಳನ್ನು ಪರಿಶೀಲಿಸತಕ್ಕದ್ದು.

ಹೆಚ್ಚಿನ ಮಾಹಿತಿಗಾಗಿ ಸಂಬಂಧಿಸಿದ ಹೋಬಳಿಯ ರೈತ ಸಂಪರ್ಕ ಕೇಂದ್ರ ಅಥವಾ ರಾಣೇಬೆನ್ನೂರು ತಾಲ್ಲೂಕಿನ ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು.